ಎಂಸಿಬಿ ಪದೇಪದೇ ಬೀಳ್ತಿದೆ, ದೊಡ್ಡದು ಹಾಕಿಸಬಹುದಾ?

ಹಾಕಿಸಬೇಡಿ. ಗೀಸರ್, ಇಂಡಕ್ಷನ್ ಒಟ್ಟಿಗೆ ಹಾಕಿದರೆ 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಬೀಳುತ್ತೆ, 32ರದ್ದು ಹಾಕಿಸಲಾ ಅಂತ ಕೇಳಿದ್ದೀರಿ. ಸಾಗರದ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಮಾಡಿದ್ದೂ ಇದನ್ನೇ. ಮಳೆಗಾಲ, ಬೆಳಗ್ಗೆ ಎಲ್ಲರಿಗೂ ಬಿಸಿನೀರು ಬೇಕು. ಎಂಸಿಬಿ ಬಿದ್ದಾಗೆಲ್ಲ ಅಮ್ಮ ಒದ್ದೆ ಕೈಯಲ್ಲೇ ಬೋರ್ಡಿನ ಹತ್ತಿರ ಓಡಬೇಕು. ವೈರಿಂಗ್ ಮಾಡುವವನು “ದೊಡ್ಡದು ಹಾಕಿದ್ರೆ ಆಯ್ತು” ಅಂದ, ನಾನು ಹೂಂ ಅಂದೆ. ಆಮೇಲೆ ಒಂದು ದಿನವೂ ಬೀಳಲಿಲ್ಲ. ಎಲ್ಲರಿಗೂ ಸಮಾಧಾನ.

ಎಂಸಿಬಿ ಇರೋದು ಗೀಸರ್ ಕಾಪಾಡೋಕಲ್ಲ, ಗೋಡೆಯೊಳಗಿನ ವೈರ್ ಕಾಪಾಡೋಕೆ. ನಮ್ಮದು 1.5 ಸ್ಕ್ವೇರ್ ಎಂಎಂ ವೈರ್. ಪೈಪಿನೊಳಗೆ ಅದು ತಡೆಯೋದು 15 ಆಂಪ್ ಆಸುಪಾಸು. 3000 ವ್ಯಾಟಿನ ಗೀಸರ್ 13 ಆಂಪ್ ಎಳೆಯುತ್ತೆ, 2000 ವ್ಯಾಟಿನ ಇಂಡಕ್ಷನ್ ಸುಮಾರು 9. ಒಟ್ಟು 22. ಹಳೇ ಎಂಸಿಬಿ ಬೀಳ್ತಿದ್ದದ್ದು ಸರಿಯಾಗೇ ಇತ್ತು! 32ರದ್ದಕ್ಕೆ ಆ 22 ಲೆಕ್ಕಕ್ಕೇ ಇಲ್ಲ. ಬಿಸಿ ಏರೋದು ಕರೆಂಟಿನ ವರ್ಗಕ್ಕೆ (ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ, ಹಾಗಾಗಿ 16ರ ಬದಲು 22 ಹರಿದರೆ ವೈರ್‌ನಲ್ಲಿ ಹುಟ್ಟುವ ಶಾಖ ಹತ್ತಿರಹತ್ತಿರ ಎರಡು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆಗೆ ಮಿತಿ 70 ಡಿಗ್ರಿ. ದಿನಾ ಬೆಳಗ್ಗೆ ಕಾದು ಕಾದು ಅದು ಗಡುಸಾಗಿ ಬಿರುಕು ಬಿಟ್ಟಿತು. ಅಟ್ಟದಲ್ಲಿ ಏನೋ ವಾಸನೆ ಬರುತ್ತಿತ್ತು; ಇಲಿ ಸತ್ತಿರಬೇಕು ಅಂತ ಮೂಟೆ ಸರಿಸಿ ಹುಡುಕಿದ್ದೆವು. ಅಲ್ಲೇ ಮೇಲೆ ಟೇಪ್ ಸುತ್ತಿದ ಒಂದು ಜಾಯಿಂಟ್ ಇತ್ತು. ಅಲ್ಲಿಯೇ ಫೇಸು, ನ್ಯೂಟ್ರಲ್ಲು ತಾಗಿದ್ದು. ಆಗ ಎಂಸಿಬಿ ಬಿತ್ತು, ನಿಜ. ಅಷ್ಟರಲ್ಲಿ ಕಿಡಿ ಗೋಣಿಚೀಲಕ್ಕೆ ಹಾರಿತ್ತು. ಚಾಲಿ ಅಡಿಕೆ ಮೂಟೆಗಳು, ಅಟ್ಟದ ಹಲಗೆ ಎಲ್ಲ ಸುಟ್ಟವು. ಮನುಷ್ಯರಿಗೆ ಏನೂ ಆಗಲಿಲ್ಲ.

ಹಾಗಾಗಿ “ಯಾವ ಎಂಸಿಬಿ” ಅನ್ನೋ ಪ್ರಶ್ನೆಯನ್ನೇ ಬಿಡಿ. ಗೀಸರ್‌ಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ: 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20ರ ಎಂಸಿಬಿ, ನಡುವೆ ಎಲ್ಲೂ ಜಾಯಿಂಟ್ ಬೇಡ. ಇಂಡಕ್ಷನ್‌ಗೂ ಪ್ರತ್ಯೇಕ ಲೈನ್. ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಬಚ್ಚಲಲ್ಲಿ ಶಾಕ್ ಹೊಡೆದರೆ ಲೈನ್ ಕಡಿಯೋದು ಅದು, ಎಂಸಿಬಿ ಅಲ್ಲ. ಗೋಡೆ ಒಡೆಸೋದು ರಗಳೆ ಅನಿಸಿದರೆ ಹೊರಗಿಂದಲೇ ಕೇಸಿಂಗ್ ಹಾಕಿಸಿ, ಚಂದ ಕಾಣದಿದ್ದರೂ ಪರವಾಗಿಲ್ಲ.

ಅಲ್ಲಿವರೆಗೂ ಒಂದು ಆಫ್ ಮಾಡಿಯೇ ಇನ್ನೊಂದು ಆನ್ ಮಾಡಿ. ಇವತ್ತೇ ಗೀಸರ್ ಸ್ವಿಚ್‌ನ ಪ್ಲೇಟ್ ನೋಡಿ. ಸ್ಕ್ರೂ ಸಡಿಲಾಗಿ ಕಾಯುತ್ತಿದ್ದರೆ ಅದನ್ನು ಯಾವ ಎಂಸಿಬಿಯೂ ಕಂಡುಹಿಡಿಯಲ್ಲ. ಪ್ಲೇಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವವರನ್ನು ಕರೆಸಿ.