ಐರ್ಲೆಂಡಿನ ರಿಂಗ್‌ಫೋರ್ಟ್‌ಗಳು ನಿಜಕ್ಕೂ ಕೋಟೆಗಳೇ?

ಹೆಸರಿನಲ್ಲಿ ಕೋಟೆ ಇದೆ, ಅಷ್ಟೇ. ಬಹುಪಾಲು ಇವು ಅನುಕೂಲಸ್ಥ ರೈತರ ಮನೆ-ಅಂಗಳಗಳು. ಸುಮಾರು 30 ಮೀಟರ್ ಅಡ್ಡಳತೆಯ ದುಂಡು ಜಾಗ, ಸುತ್ತ ಕಂದಕ, ಅಗೆದ ಮಣ್ಣಿನಿಂದಲೇ ಎಬ್ಬಿಸಿದ ದಿಬ್ಬ. ಕಲ್ಲು ಹೇರಳವಾಗಿ ಸಿಗುವ ಪಶ್ಚಿಮದಲ್ಲಿ ಗಾರೆಯಿಲ್ಲದ ಕಲ್ಲಿನ ಗೋಡೆ. ಹೆಚ್ಚಿನವು ಕ್ರಿ.ಶ. 600ರಿಂದ 900ರ ನಡುವಿನವು. ಗುರುತಿಸಿರುವುದೇ 40,000ಕ್ಕೂ ಹೆಚ್ಚು. ಅಷ್ಟನ್ನೂ ಕಾಯಲು ಸೈನಿಕರು ಎಲ್ಲಿಂದ ಬರಬೇಕು!

ಹಾಗಾದರೆ ದಿಬ್ಬ ಯಾಕೆ? ಆಗ ಆಸ್ತಿಯೆಂದರೆ ದನ. ದಂಡವನ್ನೂ ಹಸುಗಳ ಲೆಕ್ಕದಲ್ಲಿ ಕಟ್ಟುತ್ತಿದ್ದರು, ತುರುಗೋಳು ಮಾಮೂಲಿಯಾಗಿತ್ತು. ದೊಡ್ಡ ಸೈನ್ಯದ ಮುತ್ತಿಗೆಗೆ ಈ ದಿಬ್ಬ ಏನೇನೂ ಸಾಲದು. ಆದರೆ ದಿಢೀರನೆ ನುಗ್ಗುವ ನಾಲ್ಕಾರು ಜನರನ್ನು, ತೋಳಗಳನ್ನು ತಡೆಯಲು ಸಾಕು. ಕೆಲವೆಡೆ ಬಚ್ಚಿಟ್ಟುಕೊಳ್ಳಲು, ದವಸ ಇಡಲು ನೆಲದಡಿ ಕಲ್ಲಿನ ಸುರಂಗವೂ ಇತ್ತು.

ಒಳಗಿನ ಬದುಕು ಚೆನ್ನಾಗಿ ಕಾಣುವುದು ಆಂಟ್ರಿಮ್ ಕೌಂಟಿಯ ಡಿಯರ್ ಪಾರ್ಕ್ ಫಾರ್ಮ್ಸ್‌ನಲ್ಲಿ. 1980ರ ದಶಕದ ಉತ್ಖನನದಲ್ಲಿ, ನೀರು ಹಿಡಿದ ಮಣ್ಣಿನಡಿ ಕಡ್ಡಿ ಹೆಣೆದು ಕಟ್ಟಿದ ದುಂಡು ಮನೆಗಳ ಗೋಡೆಗಳೇ ಸಿಕ್ಕವು. ಎರಡು ಪದರ, ನಡುವೆ ಚಳಿ ತಡೆಯಲು ಹುಲ್ಲು. ಒಂದು ಬಾಗಿಲಿನ ಓಕ್ ಚೌಕಟ್ಟಿನ ಮರ ಕಡಿದದ್ದು ಕ್ರಿ.ಶ. 648ರಲ್ಲಿ ಎಂದು ಮರದ ಉಂಗುರಗಳಿಂದಲೇ ಗೊತ್ತಾಯಿತು.

ಎರಡು-ಮೂರು ಸುತ್ತು ದಿಬ್ಬ ಕಂಡರೆ ಹೆದರಿಕೆಗಿಂತ ಯಜಮಾನನ ಅಂತಸ್ತೇ ಕಾರಣವೆನ್ನುವುದು ನನಗೆ ಹೆಚ್ಚು ಒಪ್ಪಿಗೆ.