ವಾಸ್ಕೋದ ಕನ್ನಡಿಗನ ಎಂಪಿ ಯಾರು?

ಗೋವಾದ ಬಂದರು ಊರು ವಾಸ್ಕೋದ ಬೈನಾದಲ್ಲೋ, ಹತ್ತಿರದ ಜುವಾರಿನಗರದಲ್ಲೋ ನಿಂತು ಈ ಪ್ರಶ್ನೆ ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. ಒಬ್ಬರು ದಕ್ಷಿಣ ಗೋವಾದ ಎಂಪಿಯ ಹೆಸರು ಹೇಳಿದರೆ, ಪಕ್ಕದ ಕೋಣೆಯವರು ವಿಜಯಪುರದ್ದೋ ಬಾಗಲಕೋಟೆಯದ್ದೋ ಹೇಳುತ್ತಾರೆ. ಹೆಸರು ಯಾವ ಕ್ಷೇತ್ರದ ಮತದಾರರ ಪಟ್ಟಿಯಲ್ಲಿದೆಯೋ ಅವರಿಗೆ ಅದೇ ಕ್ಷೇತ್ರ, ಹಾಗಾಗಿ ಇಬ್ಬರದೂ ಸರಿಯೇ ಇರಬಹುದು. ಒಬ್ಬರ ಹೆಸರೇ ಎರಡೂ ಕಡೆ ಇದ್ದರೆ ಮಾತ್ರ ತಂಟೆ. ಆ ಮಾತು ಆಮೇಲೆ, ಮೊದಲು ಗಡಿ.

ಗೋವಾಕ್ಕೆ ಲೋಕಸಭೆಯಲ್ಲಿ ಇರುವುದು ಎರಡೇ ಸ್ಥಾನ. ಈಗಿನ ದಕ್ಷಿಣ ಗೋವಾಕ್ಕೆ 2008ರ ಪುನರ್ವಿಂಗಡಣೆಯವರೆಗೆ ಮುರಗಾಂವ್ ಎಂದು ಹೆಸರಿತ್ತು, ಉತ್ತರ ಗೋವಾಕ್ಕೆ ಪಣಜಿ ಎಂದು. ಒಂದೊಂದರ ಕೆಳಗೂ 20 ವಿಧಾನಸಭಾ ಕ್ಷೇತ್ರ. ದಕ್ಷಿಣದ 20ರಲ್ಲಿ ಎಂಟು ಸಾಸಷ್ಟಿ ತಾಲೂಕಿನವು: ನುವೆಂ, ಕುಡ್ತರಿ, ಫಾತೋರ್ಡಾ, ಮಡಗಾಂವ್, ಬಾಣಾವಲಿ, ನಾವೆಲಿಂ, ಕುಂಕಳ್ಳಿ, ವೇಳಿ. ಕನ್ನಡ ಹೆಚ್ಚು ಕೇಳಿಸುವ ಮುರಗಾಂವ್ ತಾಲೂಕಿನವು ನಾಲ್ಕು: ಮುರಗಾಂವ್, ವಾಸ್ಕೋ, ದಾಬೋಳಿ, ಕುಠ್ಠಾಳಿ. ಇಲ್ಲಿನವರು ಬಿರ್ಲಾ ಎಂದೇ ಕರೆಯುವ ಜುವಾರಿನಗರ ಕುಠ್ಠಾಳಿಗೆ ಸೇರುತ್ತದೆ. ಫೋಂಡಾ ಕಡೆಯಿಂದ ಫೋಂಡಾ, ಶಿರೋಡಾ, ಮಡ್ಕಯಿ ಬರುತ್ತವೆ. ಘಟ್ಟದ ಬದಿಯಿಂದ ಕೇಪೆ, ಕುಡ್ಚಡೆ, ಸಾವರ್ಡೆ, ಸಾಂಗೆ, ಕಾಣಕೋಣ.

ಹೊರಗಿನವರು ಎಡವುವುದು ಫೋಂಡಾದಲ್ಲಿ. ಮಂಗೇಶಿ ದೇವಸ್ಥಾನ ಇರುವ ಪ್ರಿಯೋಳ ಕ್ಷೇತ್ರ ಫೋಂಡಾ ತಾಲೂಕಿನದೇ, ಆದರೆ ಲೋಕಸಭೆಗೆ ಅದು ಉತ್ತರ ಗೋವಾಕ್ಕೆ ಮತ ಹಾಕುತ್ತದೆ. ಫೋಂಡಾ ತಾಲೂಕು 2015ರವರೆಗೆ ಉತ್ತರ ಗೋವಾ ಜಿಲ್ಲೆಯಲ್ಲಿತ್ತು, ಆಮೇಲೆ ದಕ್ಷಿಣ ಜಿಲ್ಲೆಗೆ ಬಂತು. ಮತಕ್ಷೇತ್ರದ ಗೆರೆ ಮಾತ್ರ ಅಲ್ಲಾಡಲಿಲ್ಲ. 2014ರ ಚುನಾವಣೆಯಲ್ಲಿ ಶಿರೋಡಾದವರ ಜಿಲ್ಲೆ ಉತ್ತರ, ಎಂಪಿ ದಕ್ಷಿಣದವರು. ಈಗ ಪ್ರಿಯೋಳದವರ ಜಿಲ್ಲೆ ದಕ್ಷಿಣ, ಎಂಪಿ ಉತ್ತರದವರು. ಜಿಲ್ಲೆ ನೋಡಿ ಕ್ಷೇತ್ರ ಊಹಿಸಲು ಹೋದರೆ ಕೆಡುವುದು ಇಲ್ಲೇ.

ಕರ್ನಾಟಕದ ಕಡೆಯಿಂದ ನೋಡಿದರೆ ಇನ್ನೊಂದು ಮೋಜು. ಕಾಣಕೋಣದ ಪೋಳೆ ದಾಟಿದರೆ ಕಾರವಾರದ ಮಾಜಾಳಿ, ಮೊಲೆಂ ಘಟ್ಟ ಹತ್ತಿದರೆ ಜೋಯಿಡಾ ತಾಲೂಕಿನ ಅನಮೋಡ್, ಚೋರ್ಲಾ ಘಾಟ್ ಮೇಲೆ ಖಾನಾಪುರ ತಾಲೂಕಿನ ಕಣಕುಂಬಿ. ಖಾನಾಪುರ ಬೆಳಗಾವಿ ಜಿಲ್ಲೆಯದಾದರೂ ಲೋಕಸಭೆಗೆ ಉತ್ತರ ಕನ್ನಡದಲ್ಲಿದೆ. ಹಾಗಾಗಿ ಗೋವಾದ ಎರಡೂ ಕ್ಷೇತ್ರಗಳಿಗೆ ಕರ್ನಾಟಕದ ಗಡಿಯುದ್ದಕ್ಕೂ ನೆರೆಹೊರೆ ಒಂದೇ ಕ್ಷೇತ್ರ. ಮಹದಾಯಿ ಗಲಾಟೆಯಲ್ಲಿ ನೀರು ಬೇಕೆನ್ನುವ ದನಿ ಹುಬ್ಬಳ್ಳಿ-ಧಾರವಾಡದ್ದು. ಕಾಲುವೆ ತೋಡಿದ ಕಣಕುಂಬಿ ಮಾತ್ರ ಉತ್ತರ ಕನ್ನಡದ ಎಂಪಿಯ ಪಾಲಿಗೆ.

ಇನ್ನು ಗೆದ್ದವರ ಕಥೆ. ಪೋರ್ಚುಗೀಸರು ಹೋದದ್ದು 1961ರ ಡಿಸೆಂಬರ್ 19ಕ್ಕೆ, ಮೊದಲ ಚುನಾವಣೆ 1963ರಲ್ಲಿ. ಮುರಗಾಂವ್‌ನಲ್ಲಿ ಆಗ ಗೆದ್ದದ್ದು ಮಹಾರಾಷ್ಟ್ರದಲ್ಲಿ ವಿಲೀನ ಬೇಕೆಂದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷದ ಮುಕುಂದ ಶಿಂಕ್ರೆ. 1967ರ ಜನವರಿ 16ರಂದು ಜನಮತಗಣನೆ ನಡೆದು, ವಿಲೀನದ ಹೂವಿನ ಗುರುತಿಗಿಂತ ಪ್ರತ್ಯೇಕ ಉಳಿಯುವ ಎರಡೆಲೆಗೆ 34,021 ಮತ ಹೆಚ್ಚು ಬಿತ್ತು. ಎರಡೆಲೆಯ ಪರ ಹೋರಾಡಿದ ಜ್ಯಾಕ್ ಸಿಕ್ವೇರಾ ಅವರ ಮಗ ಎರಾಸ್ಮೊ ಸಿಕ್ವೇರಾ ಅದೇ ವರ್ಷ ಮುರಗಾಂವ್‌ನಿಂದ ಲೋಕಸಭೆಗೆ ಹೋದರು, 1971ರಲ್ಲಿ ಮತ್ತೆ ಗೆದ್ದರು. 1977ರಿಂದ 1991ರವರೆಗಿನ ಐದು ಚುನಾವಣೆಗಳೂ ಎಡುವಾರ್ಡೊ ಫೆಲೆರೊ ಅವರವು. 1996ರಲ್ಲಿ ಯುನೈಟೆಡ್ ಗೋವನ್ಸ್ ಡೆಮಾಕ್ರಟಿಕ್ ಪಕ್ಷದ ಚರ್ಚಿಲ್ ಅಲೆಮಾವ್, 1998ರಲ್ಲಿ ಕಾಂಗ್ರೆಸ್ಸಿನ ಫ್ರಾನ್ಸಿಸ್ಕೊ ಸಾರ್ದಿನ್, 2004ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಚರ್ಚಿಲ್. ಅವರು ರಾಜೀನಾಮೆ ಕೊಟ್ಟ ಮೇಲೆ 2007ರ ಉಪಚುನಾವಣೆಯಲ್ಲಿ, ನಂತರ 2009ರಲ್ಲಿ ಸಾರ್ದಿನ್.

ಬಿಜೆಪಿ ಇಲ್ಲಿ ಗೆದ್ದದ್ದು ಎರಡೇ ಸಲ: 1999ರಲ್ಲಿ ರಮಾಕಾಂತ ಆಂಗ್ಲೆ, 2014ರಲ್ಲಿ ನರೇಂದ್ರ ಸಾವಯಿಕರ್. 2019ರಲ್ಲಿ ಸಾರ್ದಿನ್ ಅವರು 9,755 ಮತಗಳ ಅಂತರದಲ್ಲಿ ಸೀಟನ್ನು ಕಾಂಗ್ರೆಸ್ಸಿಗೆ ಮರಳಿ ತಂದರು. 2024ರಲ್ಲಿ ಕಾಂಗ್ರೆಸ್ಸಿನ ವಿರಿಯಾತೊ ಫರ್ನಾಂಡಿಸ್, ನೌಕಾಪಡೆಯ ನಿವೃತ್ತ ಅಧಿಕಾರಿ, ಬಿಜೆಪಿಯ ಪಲ್ಲವಿ ಡೆಂಪೊ ಅವರನ್ನು 13,535 ಮತಗಳಿಂದ ಸೋಲಿಸಿದರು. ಸಾಸಷ್ಟಿಯ ಕ್ಯಾಥೊಲಿಕ್ ಮತ ಒಡೆಯದಿದ್ದರೆ ಕಾಂಗ್ರೆಸ್ಸಿಗೆ ದಾರಿ ಸಲೀಸು. ಅಂತರ ಇಷ್ಟು ಸಣ್ಣದಿರುವಾಗ ಮುರಗಾಂವ್ ತಾಲೂಕಿನ ಗಲ್ಲಿಗಳಿಗೂ ಬೆಲೆ ಬರುತ್ತದೆ, ಕನ್ನಡ ಸಂಘಗಳ ಬಾಗಿಲು ತಟ್ಟುವವರು ಹೆಚ್ಚುತ್ತಾರೆ. ಉಳಿದ ದಿನ ಘಟ್ಟದಾಚೆಯವರೆಂದು ಹೀಗಳೆದು 'ಘಾಟಿ' ಎನ್ನುವ ಬಾಯಿಗೂ ಪ್ರಚಾರದ ಹೊತ್ತಿಗೆ ನಾಲ್ಕು ಅಕ್ಷರ ಕನ್ನಡ ಬರುತ್ತದೆ.

ಈಗ ಆ ಎರಡು ಪಟ್ಟಿಯ ತಂಟೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿರುವಂತಿಲ್ಲ. ಸುಳ್ಳು ಘೋಷಣೆಗೆ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಊರಿನಲ್ಲಿ ಹೆಸರಿದ್ದು ಇಲ್ಲಿ ನೆಲೆಸಿದವರು ತುಂಬಬೇಕಾದ್ದು ನಮೂನೆ 8. ನಮೂನೆ 6 ಹೊಸ ಮತದಾರರದು, ಅದರಲ್ಲಿ 'ಬೇರೆಲ್ಲೂ ನನ್ನ ಹೆಸರಿಲ್ಲ' ಎಂದು ಸಹಿ ಹಾಕಬೇಕಾಗುತ್ತದೆ. 2022ಕ್ಕೆ ಮೊದಲು ಕ್ಷೇತ್ರ ಬದಲಾದರೆ ನಮೂನೆ 6ನ್ನೇ ತುಂಬುತ್ತಿದ್ದರು. ಆ ರೂಢಿಯಲ್ಲೇ ಇರುವವರು ಈಗಲೂ ಅದನ್ನೇ ಕೈಗಿಡುತ್ತಾರೆ, ಊರಿನ ಹೆಸರು ಹಾಗೇ ಉಳಿದು ಜೋಡಿ ನಮೂದು ಆಗುತ್ತದೆ.

ವಿಳಾಸದ ದಾಖಲೆ ಇನ್ನೊಂದು ತೊಡಕು. ಬಾಡಿಗೆ ಕೋಣೆಯ ಲೈಟ್ ಬಿಲ್ ಮಾಲೀಕನ ಹೆಸರಲ್ಲಿ, ಕರಾರು ಪತ್ರ ಬಾಯಿಮಾತಿನಲ್ಲಿ. ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನ ವಿಳಾಸವನ್ನು ಮೊದಲು ಇಲ್ಲಿಗೆ ಬದಲಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಯಾವುದೂ ಇಲ್ಲದಿದ್ದರೆ ಮತಗಟ್ಟೆ ಅಧಿಕಾರಿ ಮನೆಗೆ ಬಂದು ನೋಡಬೇಕು. ಅವರು ಬಂದಾಗ ಮನೆಯವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ, ಬೀಗ ಕಂಡು ವಾಪಸ್. ಪಕ್ಕದ ಮನೆಯವರಿಗೆ ಹೇಳಿಟ್ಟಿರಬೇಕು.

ಮತದಾನಕ್ಕೆ 15 ವರ್ಷದ ವಾಸ್ತವ್ಯ ಬೇಕು ಎಂಬುದು ಬರೀ ಗಾಳಿಮಾತು. ಆ 15 ವರ್ಷ ಮಾಮಲೇದಾರರು ಸರ್ಕಾರಿ ನೌಕರಿಯಂಥ ಕೆಲಸಕ್ಕೆ ಕೊಡುವ ನಿವಾಸಿ ಪತ್ರದ ಲೆಕ್ಕ. ಮತದಾರನಾಗಲು ಇಲ್ಲಿ ಸಾಮಾನ್ಯವಾಗಿ ವಾಸವಿದ್ದರೆ ಸಾಕು.

ಊರಿನ ಪಟ್ಟಿಯಲ್ಲೇ ಉಳಿಯುವವರು ತಾರೀಖು ನೋಡಿಕೊಳ್ಳಬೇಕು. 2014ರಲ್ಲಿ ಗೋವಾದ ಮತದಾನ ಏಪ್ರಿಲ್ 12ಕ್ಕೆ, ಕರ್ನಾಟಕದ್ದು 17ಕ್ಕೆ. 2019ರ ಏಪ್ರಿಲ್ 23 ಮತ್ತು 2024ರ ಮೇ 7, ಎರಡೂ ಸಲ ಗೋವಾ ಮತ್ತು ಉತ್ತರ ಕರ್ನಾಟಕದಲ್ಲಿ ಒಂದೇ ದಿನ. ಇಲ್ಲಿನ ಸಂಬಳದ ರಜೆ ಆ ಒಂದೇ ದಿನದ್ದು, ಬಾಗಲಕೋಟೆಗೆ ಹೋಗಿ ಬರಲು ಎರಡು ರಾತ್ರಿ ಬಸ್ಸಿನಲ್ಲೇ ಕಳೆಯಬೇಕು.