ಮೈಮೇಲೆ ಹಾಕುವ ಡಿಫಿಬ್ರಿಲೇಟರ್ ಮಾರುವ ಕೆಲಸ: ಲೈಫ್‌ವೆಸ್ಟಾ, ಅಷ್ಯೂರಾ?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿ ಮೆಡಿಕಲ್ ಡಿವೈಸ್ ಸೇಲ್ಸ್‌ಗೆ ಬರಬೇಕು ಅಂತಿದ್ದೀರಿ. ಲೈಫ್‌ವೆಸ್ಟ್ ಮಾಡುವ ಝೋಲ್, ಅಷ್ಯೂರ್ ಮಾಡುವ ಕೆಸ್ಟ್ರಾ, ಎರಡೂ ಕಡೆ ಇಂಟರ್ವ್ಯೂ ಇದೆ. ಯಾವ ಡಿವೈಸ್ ಮೇಲು, ಯಾವುದನ್ನು ಮಾರೋದು ಸುಲಭ?

ನಾನು ಸೇಲ್ಸ್‌ನವಳಲ್ಲ. ಓಹಾಯೋದ ಒಂದು ಹಾರ್ಟ್ ಫೇಲ್ಯೂರ್ ಕ್ಲಿನಿಕ್‌ನಲ್ಲಿ ನರ್ಸ್. ನೀವು ನಾಳೆ ಬಾಗಿಲು ತಟ್ಟೋದು ನನ್ನಂಥವರದ್ದೇ, ಅಲ್ವಾ? ಆ ಕಡೆಯಿಂದಲೇ ಹೇಳ್ತೀನಿ.

ಮೊದಲು ಇದು ಏನು, ಯಾರಿಗೆ ಅಂತ ನೋಡಿ. ಬಟ್ಟೆ ಹಾಗೆ ಮೈಗೆ ತೊಡುವ ವೆಸ್ಟ್ ಇದು. ಹೃದಯದ ಬಡಿತ ಅಪಾಯವಾಗುವಷ್ಟು ಕೆಟ್ಟರೆ ಮೊದಲು ಅಲಾರಂ ಸದ್ದು ಮಾಡುತ್ತೆ, ಆಮೇಲೆ ತಾನೇ ಶಾಕ್ ಕೊಟ್ಟು ಬಡಿತ ಸರಿಮಾಡುತ್ತೆ. ಹಾರ್ಟ್ ಅಟ್ಯಾಕ್ ಆಗಿ ಪಂಪಿಂಗ್ (ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟು ಹೊರಹಾಕುತ್ತೆ ಅನ್ನೋ ಲೆಕ್ಕ) 35ಕ್ಕೋ ಅದಕ್ಕಿಂತ ಕೆಳಗೋ ಇಳಿದವರಿಗೆ ಕೂಡಲೇ ಎದೆಯೊಳಗೆ ಐಸಿಡಿ, ಅಂದರೆ ಒಳಗಿಂದಲೇ ಶಾಕ್ ಕೊಡುವ ಪುಟ್ಟ ಯಂತ್ರ, ಇಡೋದಿಲ್ಲ. ಸಾಮಾನ್ಯವಾಗಿ 40 ದಿನ ಕಾಯಬೇಕು. ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ 90 ದಿನ. ಮಾತ್ರೆಗಳಿಗೆ ಹೃದಯ ಚೇತರಿಸಿಕೊಂಡರೆ ಐಸಿಡಿ ಬೇಡವೇ ಆಗಬಹುದು. ಆದರೆ ಆ ಕಾಯುವ ದಿನಗಳೇ ಅಪಾಯದ ದಿನಗಳು. ಆ ಗ್ಯಾಪ್‌ಗೆ ಈ ವೆಸ್ಟ್. ಇನ್ಫೆಕ್ಷನ್ ಆಗಿ ಐಸಿಡಿ ತೆಗೆಸಿಕೊಂಡವರಿಗೂ ಕೊಡ್ತಾರೆ.

ಲೈಫ್‌ವೆಸ್ಟ್ ಹಳೇ ಹುಲಿ. ಎಫ್‌ಡಿಎ (ಔಷಧಿ, ಡಿವೈಸ್‌ಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ) ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಆಗ ಅದು ಪಿಟ್ಸ್‌ಬರ್ಗ್‌ನ ಲೈಫ್‌ಕೋರ್ ಕಂಪನಿಯದ್ದು, 2006ರಲ್ಲಿ ಝೋಲ್ ಕೈಗೆ ಬಂತು. ಸುಮಾರು ಇಪ್ಪತ್ತು ವರ್ಷ ಅದಕ್ಕೆ ಎದುರಾಳಿಯೇ ಇರಲಿಲ್ಲ. ಎಷ್ಟೆಂದರೆ ನಮ್ಮ ಡಾಕ್ಟರುಗಳು ಇವತ್ತಿಗೂ ಯಾವ ಕಂಪನಿಯದ್ದು ಬರೆದರೂ "ಲೈಫ್‌ವೆಸ್ಟ್ ಹಾಕಿಸಿ" ಅಂತಲೇ ಹೇಳ್ತಾರೆ. ಅಷ್ಯೂರ್‌ಗೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಕಟ್ ಇರುವ ಬಟ್ಟೆ, ಸುಳ್ಳು ಅಲಾರಂ ಕಡಿಮೆ ಅನ್ನೋದು ಅವರ ಮುಖ್ಯ ಮಾತು. ಅದಕ್ಕೆ ಅವರು ತೋರಿಸೋದು 130 ಜನರ ಸ್ಟಡಿ: ಸುಳ್ಳು ಶಾಕ್ ಅಲಾರಂ 1,333 ದಿನಕ್ಕೊಂದರ ಲೆಕ್ಕ. ಒಳ್ಳೇ ಅಂಕಿಯೇ. ಆದರೆ ಆ 130 ಜನಕ್ಕೂ ಮೊದಲೇ ಐಸಿಡಿ ಇತ್ತು, ಆ ಸ್ಟಡಿಯಲ್ಲಿ ವೆಸ್ಟ್ ಶಾಕ್ ಕೊಡುವಂತಿರಲಿಲ್ಲ. ಇದನ್ನು ಮುಚ್ಚಿಟ್ಟು ಮಾತಾಡುವ ರೆಪ್‌ಗೆ (ಕಂಪನಿಯ ಸೇಲ್ಸ್‌ನವರಿಗೆ) ನಮ್ಮಲ್ಲಿ ಎರಡನೇ ಸಲ ಕಾಫಿ ಸಿಗೋದಿಲ್ಲ.

ಲೈಫ್‌ವೆಸ್ಟ್ ಕಡೆಯಿಂದ ಹೋದರೆ 2018ರ "ವೆಸ್ಟ್" ಅನ್ನೋ ಹೆಸರಿನ ಟ್ರಯಲ್ (ರೋಗಿಗಳ ಮೇಲೆ ಮಾಡಿದ ಪರೀಕ್ಷೆ) ಬಾಯಿಪಾಠ ಆಗಿರಲಿ. ಹಾರ್ಟ್ ಅಟ್ಯಾಕ್ ಆದ 2,302 ಜನ. ಮುಖ್ಯ ಪ್ರಶ್ನೆ, ಹೃದಯದ ಬಡಿತ ಕೆಟ್ಟು ಸತ್ತವರು ಕಡಿಮೆಯಾದರಾ ಅಂತ. ವೆಸ್ಟ್ ಗುಂಪಿನಲ್ಲಿ 1.6%, ವೆಸ್ಟ್ ಕೊಡದ ಗುಂಪಿನಲ್ಲಿ 2.4%. ಗೆದ್ದಿತು ಅನ್ನುವಷ್ಟು ವ್ಯತ್ಯಾಸ ಅಲ್ಲ ಅದು. ಒಟ್ಟು ಸಾವು 3.1% ಮತ್ತು 4.9%. ಇದನ್ನೇ ಹಿಡಿದು ಒಬ್ಬ ಡಾಕ್ಟರ್ "ಸೋತ ಟ್ರಯಲ್" ಅಂತಾರೆ, ಇನ್ನೊಬ್ಬರು "ಜೀವ ಉಳಿಸ್ತು" ಅಂತಾರೆ. ನನಗೆ ತಲೆಯಲ್ಲಿ ಕೂತಿರೋದು ಬೇರೆ ಅಂಕಿ. ವೆಸ್ಟ್ ಕೊಟ್ಟ ಗುಂಪಿನಲ್ಲಿ ಸತ್ತವರು 48. ಸಾಯುವ ಹೊತ್ತಿಗೆ ವೆಸ್ಟ್ ಮೈಮೇಲಿದ್ದದ್ದು 12 ಜನಕ್ಕೆ. ಉಳಿದವರದ್ದು ಕುರ್ಚಿ ಮೇಲೋ, ಕಪಾಟಿನಲ್ಲೋ.

ಹಾಗಾಗಿ ಯಾವುದು ಮೇಲು ಅನ್ನೋದಕ್ಕೆ ನನ್ನ ಉತ್ತರ: ರೋಗಿ ತೆಗೆಯದೇ ಇರುವುದು. ಅದರಲ್ಲಿ ಅರ್ಧ ಕೆಲಸ ಡಿವೈಸ್‌ದು, ಅರ್ಧ ನಿಮ್ಮದು.

ಒಂದು ಸಂಗತಿ ಹೇಳ್ತೀನಿ. ಮಗಳ ಮನೆಯಲ್ಲಿದ್ದ ದಾವಣಗೆರೆ ಕಡೆಯ ಒಬ್ಬರು ಅಮ್ಮ, ಪಂಪಿಂಗ್ 25. ವೆಸ್ಟ್ ಮಾತಾಡೋದು ಇಂಗ್ಲಿಷ್‌ನಲ್ಲಿ. ಮಗಳು ಒಂದು ಚೀಟಿಯಲ್ಲಿ "ಸದ್ದು ಬಂದರೆ ನೀನೇ ಬಟನ್ ಒತ್ತಬೇಕು, ನಾವು ಒತ್ತಬಾರದು" ಅಂತ ಕನ್ನಡದಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದ್ದಳು. ಬಟನ್ ಒತ್ತಿದರೆ ಎಚ್ಚರ ಇದೆ ಅಂತ ಅರ್ಥ, ಶಾಕ್ ನಿಲ್ಲುತ್ತೆ. ಎಚ್ಚರ ತಪ್ಪಿದವರ ಪರವಾಗಿ ಮನೆಯವರು ಒತ್ತಿದರೆ ಬರಬೇಕಾದ ಶಾಕೂ ಬರೋದಿಲ್ಲ. ಎಲ್ಲ ಸರಿಯಾಗೇ ಇತ್ತು. ವೆಸ್ಟ್ ಎಷ್ಟು ಹೊತ್ತು ಮೈಮೇಲಿತ್ತು ಅಂತ ತೋರಿಸುವ ಎರಡನೇ ವಾರದ ರಿಪೋರ್ಟ್ ನೋಡಿದರೆ ದಿನಾ ಬೆಳಿಗ್ಗೆ ಐದೂವರೆಯಿಂದ ಏಳೂಕಾಲು ಖಾಲಿ. ಸ್ನಾನಕ್ಕೆ ಇಷ್ಟು ಹೊತ್ತಾ?

ರೆಪ್ ಅಮೆರಿಕನ್ ಹುಡುಗಿ. ಬೈಯಲಿಲ್ಲ, ಸುಮ್ನೆ ಮಗಳಿಗೆ ಫೋನ್ ಮಾಡಿ "ಅಮ್ಮ ಆ ಹೊತ್ತಲ್ಲಿ ಏನು ಮಾಡ್ತಾರೆ" ಅಂತ ಕೇಳಿದಳು. ಪೂಜೆ. ರಾತ್ರಿಯೆಲ್ಲ ಹಾಕಿಕೊಂಡಿದ್ದ ಮೈಲಿಗೆ ಬಟ್ಟೆಯಲ್ಲಿ ದೇವರ ಮುಂದೆ ಹೇಗೆ ಕೂರೋದು? ಅವಳಿಗೆ ಮಡಿ ಅಂದರೆ ಏನು ಅಂತ ನಾನು ಹತ್ತು ನಿಮಿಷ ಹೇಳಿದೆ. ಮಾರನೇ ದಿನ ಇನ್ನೊಂದು ಬಟ್ಟೆ ತಂದುಕೊಟ್ಟಳು. ಬಡಿತ ಗಮನಿಸಿ ಶಾಕ್ ಕೊಡುವ ಎಲೆಕ್ಟ್ರೋಡ್ ಬೆಲ್ಟ್ ತೆಗೆದು ಒಗೆದ ಬಟ್ಟೆಗೆ ಹಾಕೋದನ್ನು ಮಗಳಿಗೆ ಕಲಿಸಿದಳು. ಆಮೇಲೆ ಖಾಲಿ ಉಳಿದಿದ್ದು ದಿನಕ್ಕೆ ಹದಿನೈದು ನಿಮಿಷ. ಯಾವ ಕಂಪನಿಯ ಹುಡುಗಿ ಅಂತ ಹೇಳೋದಿಲ್ಲ, ಅದು ಮುಖ್ಯವೂ ಅಲ್ಲ.

ಇನ್ನು ಮಾರೋದು. ಆಸ್ಪತ್ರೆ ಇದನ್ನು ಕೊಳ್ಳೋದಿಲ್ಲ. ಡಾಕ್ಟರ್ ಆರ್ಡರ್ ಬರೀತಾರೆ, ರೋಗಿಗೆ ತಿಂಗಳ ಬಾಡಿಗೆಗೆ ಹೋಗುತ್ತೆ, ಬಿಲ್ ಇನ್ಶೂರೆನ್ಸ್‌ಗೆ. ಆದ್ದರಿಂದ ನಿಮ್ಮ ದಿನದಲ್ಲಿ ಮಾತಿಗಿಂತ ಪೇಪರ್ ಜಾಸ್ತಿ: ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್, ಡಾಕ್ಟರ್ ನೋಟ್, ಸಹಿ. ಶುಕ್ರವಾರ ನಾಲ್ಕೂವರೆಗೆ ಡಿಸ್‌ಚಾರ್ಜ್ ಅಂತ ಫೋನ್ ಬರುತ್ತೆ. ರೋಗಿಯ ಮಗ ಕಾರ್ ಕೀ ಹಿಡಿದು ನಿಂತಿರ್ತಾನೆ. ಅಳತೆ ಟೇಪ್ ಹಿಡಿದು ಬಂದು ಹಾಕಿ ತೋರಿಸುವವರು ಯಾರು ಸಿಕ್ಕಿದರೋ, ಸೋಮವಾರದ ಆರ್ಡರೂ ಅವರಿಗೇ.

ಲೈಫ್‌ವೆಸ್ಟ್ ಆದರೆ ಹೆಸರು ಮೊದಲೇ ಮಾರಿರುತ್ತೆ, ಆದರೆ ಇರುವುದನ್ನು ಕಾಯುವ ಕೆಲಸ. ಅಷ್ಯೂರ್ ಆದರೆ ಅಭ್ಯಾಸ ಮುರಿಯುವ ಕೆಲಸ. ಹೊಸಬರಿಗೆ ಎರಡನೆಯದು ಕಷ್ಟ, ಆದರೂ ನನ್ನನ್ನು ಕೇಳಿದರೆ ಕಲಿಯೋದು ಅಲ್ಲೇ ಜಾಸ್ತಿ. ಎರಡನ್ನೂ ಎದುರೆದುರು ಇಟ್ಟು ಮಾಡಿದ ದೊಡ್ಡ ಟ್ರಯಲ್ ನಾನಂತೂ ನೋಡಿಲ್ಲ. ಬೇರೆ ಬೇರೆ ಸ್ಟಡಿಯ ಅಂಕಿ ಪಕ್ಕಪಕ್ಕ ಇಟ್ಟು ನಮಗೆ ತೋರಿಸಬೇಡಿ. ಎಲಿಮೆಂಟ್ ಸೈನ್ಸ್‌ನ ಜ್ಯುವೆಲ್ ಅಂತ ಮೈಗೆ ಅಂಟಿಸುವ ಪ್ಯಾಚ್ ಕೂಡ ಬಂದಿದೆ, ಹಾಕಿಕೊಂಡೇ ಸ್ನಾನ ಮಾಡಬಹುದು. ಇಂಟರ್ವ್ಯೂನಲ್ಲಿ ಅದರ ಬಗ್ಗೆ ಕೇಳಿಯೇ ಕೇಳ್ತಾರೆ.

ನೀವೂ ಅವರನ್ನು ಒಂದು ಕೇಳಿ: ಶುಕ್ರವಾರ ಸಂಜೆ ನನ್ನ ಏರಿಯಾದಲ್ಲಿ ಫಿಟ್ಟಿಂಗ್‌ಗೆ ಎಷ್ಟು ಜನ ಇದ್ದಾರೆ? "ನೀವೇ" ಅಂದರೆ ಮನೆಯಲ್ಲಿ ಕೇಳಿಕೊಂಡು ಆಮೇಲೆ ಸೇರಿ.